ಸಣ್ಣ ರಫ್ತುಗಾರರೂ ಬ್ಯಾಂಕಿನ ಸಾಲವೂ: ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಕಂಡದ್ದು

ಹಿಂದೂಪುರವೆಂದರೆ ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ಲೇಪಾಕ್ಷಿಗೆ ಹೋಗುವಾಗ ಇಳಿಯಬೇಕಾದ ರೈಲು ನಿಲ್ದಾಣ ಮಾತ್ರ. ಅಲ್ಲಿಂದ ಸುಮಾರು ಹದಿನೈದು ಕಿಲೋಮೀಟರು ಹೋದರೆ ಏಕಶಿಲೆಯ ನಂದಿಯೂ ವಿಜಯನಗರ ಕಾಲದ ವರ್ಣಚಿತ್ರಗಳೂ ಕಾಣಸಿಗುತ್ತವೆ. ಅವನ್ನು ನೋಡಿ, ಫೋಟೋ ತೆಗೆಸಿಕೊಂಡು, ಸಂಜೆಯ ಗಾಡಿಗೆ ಹಿಂತಿರುಗುವುದು ವಾಡಿಕೆ. ಆದರೆ ಆ ಪೇಟೆ ಬದುಕಿರುವುದು ಯಾತ್ರಿಕರಿಂದಲ್ಲ. ಹುಣಸೆಹಣ್ಣು, ಒಣಮೆಣಸು, ಬೆಲ್ಲ, ರೇಷ್ಮೆಗೂಡು ಇವುಗಳ ವ್ಯಾಪಾರದಿಂದ ಅದು ಬದುಕಿದೆ. ಆ ಪೇಟೆಯಿಂದ ಹೊರಡುವ ಮಾಲಿನಲ್ಲಿ ಒಂದು ಪಾಲು ಸಮುದ್ರ ದಾಟಿ ಹೋಗುತ್ತದೆ. ಹೀಗೆ ಹೋಗುವ ಮಾಲನ್ನು ಸಿದ್ಧಪಡಿಸುವ ಸಣ್ಣವರಿಗೆ ಬ್ಯಾಂಕಿನಿಂದ ಏನು ಸಿಗಬಹುದು, ಏಕೆ ಸಿಗುತ್ತಿಲ್ಲ ಎಂಬುದೇ ಈ ಲೇಖನದ ವಿಷಯ.

ಆಂಧ್ರದ ಈ ಮೂಲೆ ನಮಗೆ ತೀರಾ ಪರಕೀಯವಲ್ಲ. ಮಡಕಶಿರ, ಅಮರಾಪುರ, ಅಗಳಿ, ರೊಳ್ಳಗಳ ಸುತ್ತ ಮನೆಯಲ್ಲಿ ಕನ್ನಡವಾಡುವವರು ಬಹಳ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದು ಹೇಮಾವತಿಯೆಂಬ ಹೆಸರಿನಲ್ಲಿ ಅಲ್ಲಿಯೇ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ಆ ಕಡೆಗೆ ಸೇರಿತು. 1956ರ ನವೆಂಬರ್ 1ರಂದು ನಾವು ಈ ಕಡೆಗೆ ಸೇರಿದೆವು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆ ಕರ್ನಾಟಕದ ಪಾವಗಡ ತಾಲೂಕು ಚಾಚಿಕೊಂಡಿದೆ. ಮೊದಲು ಎರಡೂ ಅನಂತಪುರ ಜಿಲ್ಲೆಯವೇ. 2022ರ ಏಪ್ರಿಲ್‌ನಲ್ಲಿ ಹೊಸ ಜಿಲ್ಲೆಗಳ ರಚನೆಯಾದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ನಮ್ಮೊಡನೆ ಟಿ.ಸಿ.ಎಚ್. ಓದಿದ ಮಿತ್ರರೊಬ್ಬರು ಆ ಭಾಗದವರು. ಅವರ ಒತ್ತಾಯಕ್ಕೆ ಒಂದು ಬೇಸಿಗೆ ರಜೆಯಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಹುಣಸೆಯ ಹಂಗಾಮು ಇನ್ನೂ ಮುಗಿದಿರಲಿಲ್ಲ. ಮಾರುಕಟ್ಟೆಯ ಅಂಗಳದಲ್ಲಿ ಕಂದುಬಣ್ಣದ ರಾಶಿಗಳು, ಗಾಳಿಯಲ್ಲೆಲ್ಲ ಹುಳಿ. ಅಲ್ಲಿ ಹುಣಸೆಯನ್ನು ಕರಿಪುಲಿಯೆಂದೂ ಫ್ಲವರ್ ಎಂದೂ ವಿಂಗಡಿಸುತ್ತಾರೆ. ಮೊದಲನೆಯದಕ್ಕೆ ಬೆಲೆ ಹೆಚ್ಚು. ಹೆಂಗಸರು ಕುಳಿತು ಬೀಜ ಬಿಡಿಸುತ್ತಾರೆ, ನಾರು ತೆಗೆಯುತ್ತಾರೆ. ಅನಂತರ ಅದು ಶೀತಲಗೃಹಕ್ಕೋ ಲಾರಿಗೋ ಏರುತ್ತದೆ.

ಒಬ್ಬ ಸಣ್ಣ ವ್ಯಾಪಾರಿಯೊಡನೆ ಮಾತಿಗೆ ತೊಡಗಿ, ನಿಮ್ಮ ಮಾಲು ಎಲ್ಲಿಗೆ ಹೋಗುತ್ತದೆಂದು ಕೇಳಿದೆವು. ಬೆಂಗಳೂರಿನ ಸೇಠರೊಬ್ಬರು ಒಯ್ಯುತ್ತಾರೆ, ಅಲ್ಲಿಂದ ದುಬಾಯಿಗೆ ಹೋಗುತ್ತದಂತೆ, ಎಂದರು. ಹಾಗಾದರೆ ನೀವು ರಫ್ತು ವ್ಯಾಪಾರಿಗಳೇ ಆದಿರಲ್ಲ ಎಂದರೆ ನಕ್ಕುಬಿಟ್ಟರು. ರಫ್ತು ಎಂಬುದು ಸೇಠರಿಗೆ, ನಮಗಲ್ಲ, ಎಂಬುದು ಆ ನಗುವಿನ ಅರ್ಥ. ಸೇಠರಿಂದ ಹಣ ಬರುವುದಕ್ಕೆ ಮೂರು ನಾಲ್ಕು ತಿಂಗಳು. ಅಷ್ಟರವರೆಗೆ ರೈತನಿಗೆ ಕೊಡಲು, ಕೂಲಿ ಕೊಡಲು, ಗೋದಾಮಿನ ಬಾಡಿಗೆಗೆ ಕೈಬದಲು ತಂದ ಹಣ. ಅದಕ್ಕೆ ಬಡ್ಡಿ. ಬ್ಯಾಂಕನ್ನು ಕೇಳಿದಿರಾ ಎಂದರೆ, ಚಿನ್ನವಿಟ್ಟು ಒಮ್ಮೆ ತಂದಿದ್ದೇನೆ ಎಂಬ ಉತ್ತರ ಬಂತು.

ವಿಚಾರಿಸುತ್ತ ಹೋದಂತೆ ಇದು ಒಬ್ಬರ ಕಥೆಯಲ್ಲವೆಂದು ತಿಳಿಯಿತು. ಹಿಂದೂಪುರಕ್ಕೆ ಸೇರಿದ ಮುದಿರೆಡ್ಡಿಪಲ್ಲಿಯ ರೇಷ್ಮೆ ನೇಕಾರರಾಗಲಿ, ಗೂಡಿನಿಂದ ನೂಲು ತೆಗೆಯುವವರಾಗಲಿ, ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲುಬೊಂಬೆಯ ಕಲೆಯನ್ನು ದೀಪದ ಮರೆಗಳಿಗೆ ಇಳಿಸಿದ ಕುಟುಂಬಗಳಾಗಲಿ, ಹೊರದೇಶಕ್ಕೆ ಹೋಗುವ ವಸ್ತುವನ್ನು ಮಾಡಿಯೂ ತಮ್ಮನ್ನು ರಫ್ತುಗಾರರೆಂದು ಎಣಿಸಿಕೊಳ್ಳುವುದು ಅಪರೂಪ. ಕಾಗದಪತ್ರದಲ್ಲಿ ಹೆಸರು ಬೇರೊಬ್ಬರದು. ಹಿಂದೂಪುರದಿಂದ ಪೆನುಕೊಂಡದ ಕಡೆ ಹೊರಟರೆ ಯರ್ರಮಂಚಿಯಲ್ಲಿ ಕಿಯಾ ಕಂಪೆನಿಯ ಕಾರಿನ ಕಾರ್ಖಾನೆ ಸಿಗುತ್ತದೆ. 2019ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆಯ ಕಾರುಗಳು ಪರದೇಶಗಳಿಗೂ ಹೋಗುತ್ತವೆ. ಅಂತಹ ಸಂಸ್ಥೆಗಳಿಗೆ ಬ್ಯಾಂಕಿನವರೇ ಬಾಗಿಲಿಗೆ ಬಂದು ಸಾಲದ ಬಗೆಗಳನ್ನು ವಿವರಿಸುತ್ತಾರೆ. ಹುಣಸೆ ಬಿಡಿಸುವವನ ಬಾಗಿಲಿಗೆ ಯಾರೂ ಬರುವುದಿಲ್ಲ.

ಪ್ಯಾಕಿಂಗ್ ಕ್ರೆಡಿಟ್ ಎಂದರೇನು?

ರಫ್ತಿಗೆ ಬ್ಯಾಂಕುಗಳು ಕೊಡುವ ಸಾಲ ಸ್ಥೂಲವಾಗಿ ಎರಡು ಬಗೆ. ಮಾಲು ಹಡಗು ಹತ್ತುವ ಮುನ್ನ ಕೊಡುವುದು ಒಂದು, ಹತ್ತಿದ ಮೇಲೆ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಪ್ಯಾಕಿಂಗ್ ಕ್ರೆಡಿಟ್ ಎಂಬ ಹೆಸರು ಬಿದ್ದಿದೆ. ಈ ಹೆಸರೇ ಅನೇಕರನ್ನು ದಾರಿ ತಪ್ಪಿಸಿದೆ ಎಂದು ನಮ್ಮ ಅಭಿಪ್ರಾಯ. ಪೆಟ್ಟಿಗೆ ಕಟ್ಟುವ ಖರ್ಚಿಗೆ ಮಾತ್ರ ಕೊಡುವ ಚಿಲ್ಲರೆ ಸಾಲವೆಂದು ತಿಳಿದವರನ್ನು ನಾವು ಕಂಡಿದ್ದೇವೆ. ವಾಸ್ತವವಾಗಿ ಕಚ್ಚಾಮಾಲು ಕೊಳ್ಳಲು, ಸಂಸ್ಕರಿಸಲು, ತಯಾರಿಸಲು, ದಾಸ್ತಾನಿಡಲು, ಬಂದರಿಗೆ ಸಾಗಿಸಲು, ಕೊನೆಗೆ ಪೆಟ್ಟಿಗೆ ಕಟ್ಟಲು, ಇಷ್ಟಕ್ಕೂ ಇದು ಒದಗುತ್ತದೆ. ರವಾನೆಪೂರ್ವ ಸಾಲವೆಂದು ಕನ್ನಡದಲ್ಲಿ ಹೇಳಿದ್ದರೆ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಇದಕ್ಕೆ ಆಧಾರ ಪರದೇಶದ ಗಿರಾಕಿಯ ಆರ್ಡರು, ಇಲ್ಲವೆ ಅವನ ಬ್ಯಾಂಕು ತೆರೆದ ಲೆಟರ್ ಆಫ್ ಕ್ರೆಡಿಟ್. ನಾವು ಹೇಳಿದ ಕಾಗದಪತ್ರಗಳನ್ನು ಸರಿಯಾಗಿ ಒಪ್ಪಿಸಿದರೆ ಹಣ ಕೊಡುತ್ತೇವೆಂದು ಆ ಬ್ಯಾಂಕು ಕೊಡುವ ವಾಗ್ದಾನವೇ ಈ ಲೆಟರ್ ಆಫ್ ಕ್ರೆಡಿಟ್. ಬ್ಯಾಂಕು ಆರ್ಡರಿನ ಪೂರ್ತಿ ಮೌಲ್ಯ ಕೊಡುವುದಿಲ್ಲ, ಒಂದು ಅಂಶವನ್ನು ಮಾರ್ಜಿನ್ ಎಂದು ಉಳಿಸಿಕೊಳ್ಳುತ್ತದೆ. ಮಾಲು ರವಾನೆಯಾಗಿ ಬಿಲ್ಲು ಬ್ಯಾಂಕಿಗೆ ಬಂದಾಗ ಮೊದಲ ಸಾಲ ತೀರಿ ಎರಡನೆಯ ಬಗೆಯ ಸಾಲ ಆರಂಭವಾಗುತ್ತದೆ. ಅಂದರೆ ಗಿರಾಕಿಯ ಹಣ ಬರುವವರೆಗೆ ಕಾಯದೆ ಬಿಲ್ಲಿನ ಮೇಲೆಯೇ ಹಣ ಪಡೆಯಬಹುದು. ಗಿರಾಕಿಯ ಹಣ ಬಂದಾಗ ಅದೂ ತೀರುತ್ತದೆ. ಚಕ್ರ ಮತ್ತೆ ತಿರುಗುತ್ತದೆ.

ಶಾಲೆಯ ಲೆಕ್ಕದಂತೆ ಒಂದು ಉದಾಹರಣೆ ತೆಗೆದುಕೊಳ್ಳೋಣ. 10 ಲಕ್ಷ ರೂಪಾಯಿಯ ಮಾಲಿಗೆ 8 ಲಕ್ಷ ಸಾಲ ಬೇಕು, ಅವಧಿ 4 ತಿಂಗಳು ಎಂದಿಟ್ಟುಕೊಳ್ಳಿ. ಕೈಬದಲಿಗೆ ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಬಡ್ಡಿಯಾದರೆ 64,000 ರೂ. ಬ್ಯಾಂಕಿಗೆ ವರ್ಷಕ್ಕೆ ಶೇಕಡಾ 10ರಂತೆ ಎಂದುಕೊಂಡರೆ 26,667 ರೂ. ವ್ಯತ್ಯಾಸ 37,000ಕ್ಕೂ ಮೇಲು. ಸಣ್ಣ ವ್ಯಾಪಾರಿಗೆ 10 ಲಕ್ಷದ ಮಾಲಿನಲ್ಲಿ ಉಳಿಯುವುದು ಎಷ್ಟೆಂಬುದನ್ನು ಬಲ್ಲವರಿಗೆ ಈ 37,000ದ ಬೆಲೆ ಗೊತ್ತು. ಅದು ಒಬ್ಬ ಮಗಳ ಕಾಲೇಜಿನ ವರ್ಷದ ಖರ್ಚಾಗಬಹುದು. ಅಥವಾ ಮುಂದಿನ ವರ್ಷ ಬೆಲೆ ಇಳಿದಾಗ ಅಂಗಡಿ ಮುಚ್ಚದೆ ಉಳಿಸುವ ಆಧಾರವಾಗಬಹುದು.

ಒಂದು ಎಚ್ಚರ ಅಗತ್ಯ. ಈ ಸಾಲ ರಫ್ತಿಗೆಂದೇ ಕೊಡುವಂಥದು. 360 ದಿನಗಳೊಳಗೆ ರಫ್ತಿನ ಬಿಲ್ಲಿನಿಂದ ತೀರಬೇಕೆಂಬುದು ಸಾಮಾನ್ಯ ನಿಯಮ. ಮಾಲು ಹೊರಡಲೇ ಇಲ್ಲವೆಂದಾದರೆ ಮೊದಲ ದಿನದಿಂದಲೇ ರಫ್ತು ಸಾಲದ ಅನುಕೂಲ ಹೋಗಿ ಸಾಧಾರಣ ಬಡ್ಡಿಯೂ ದಂಡವೂ ಬೀಳುತ್ತವೆ. ಬ್ಯಾಂಕಿನ ಹಣ ತಂದು ಮನೆ ಕಟ್ಟುವವರಿಗೆ ಇದು ಹೇಳಿದ್ದಲ್ಲ.

ಆರ್ಡರು ತನ್ನ ಹೆಸರಲ್ಲಿ ಇಲ್ಲದವನಿಗೆ

ನಾವು ಮುಖ್ಯವಾಗಿ ಹೇಳಹೊರಟದ್ದು ಇದು. ಆರ್ಡರು ಬೆಂಗಳೂರಿನ ಸೇಠರ ಹೆಸರಿನಲ್ಲಿರುವಾಗ ಹಿಂದೂಪುರದವನಿಗೆ ರಫ್ತು ಸಾಲ ಹೇಗೆ ಸಿಕ್ಕೀತು ಎಂದು ಎಲ್ಲರೂ ಕೇಳುತ್ತಾರೆ. ಸಿಗಬಹುದು. ರಫ್ತು ಸಂಸ್ಥೆಯ ಮೂಲಕ ಮಾಲು ಕಳುಹಿಸುವ ತಯಾರಕನಿಗೆ, ಅವನ ಹೆಸರಿನಲ್ಲಿ ಆರ್ಡರಾಗಲಿ ಲೆಟರ್ ಆಫ್ ಕ್ರೆಡಿಟ್ ಆಗಲಿ ಇಲ್ಲದಿದ್ದರೂ, ಪ್ಯಾಕಿಂಗ್ ಕ್ರೆಡಿಟ್ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಆರ್ಡರು ಹೊಂದಿರುವ ಸಂಸ್ಥೆಯ ಒಂದು ಪತ್ರ. ಆರ್ಡರಿನ ವಿವರ, ಅದರಲ್ಲಿ ಇಂಥವರು ಪೂರೈಸುವ ಭಾಗ ಎಷ್ಟು, ಆ ಭಾಗದ ಮೇಲೆ ತಾನು ಪ್ಯಾಕಿಂಗ್ ಕ್ರೆಡಿಟ್ ಪಡೆದಿಲ್ಲ, ಪಡೆಯುವುದೂ ಇಲ್ಲ ಎಂಬ ದೃಢೀಕರಣ, ಇವು ಆ ಪತ್ರದಲ್ಲಿರಬೇಕು. ಸಾಲದ ಅವಧಿಯನ್ನು ಇಬ್ಬರೂ ಹಂಚಿಕೊಳ್ಳಬೇಕು. ಆರ್ಡರುದಾರನು ಪೂರೈಕೆದಾರನ ಹೆಸರಿಗೆ ದೇಶದೊಳಗಿನ ಲೆಟರ್ ಆಫ್ ಕ್ರೆಡಿಟ್ ತೆರೆಯುವ ಕ್ರಮವೂ ಇದೆ. ಅದನ್ನು ತೆರೆದರೆ ಪೂರೈಕೆದಾರನ ಹಣಕ್ಕೆ ಬ್ಯಾಂಕೇ ಹೊಣೆಯಾಗುತ್ತದೆ.

ಇಷ್ಟು ಸರಳವಾಗಿದ್ದರೆ ಏಕೆ ನಡೆಯುತ್ತಿಲ್ಲ? ಮೊದಲನೆಯ ಕಾರಣ, ಪೂರೈಕೆದಾರನಿಗೆ ಹೀಗೊಂದು ದಾರಿಯಿದೆಯೆಂದು ಗೊತ್ತಿಲ್ಲ. ನಾವು ಮಾತಾಡಿಸಿದವರಲ್ಲಿ ಒಬ್ಬರೂ ಇದನ್ನು ಕೇಳಿದ್ದವರಿರಲಿಲ್ಲ. ಎರಡನೆಯದು ಇನ್ನೂ ಗಟ್ಟಿಯಾದ ಕಾರಣ. ಆರ್ಡರುದಾರನು ಬಹುಮಟ್ಟಿಗೆ ಪೂರ್ತಿ ಆರ್ಡರಿನ ಮೇಲೆ ತಾನೇ ಸಾಲ ಪಡೆದಿರುತ್ತಾನೆ. ಕಡಿಮೆ ಬಡ್ಡಿಯ ಹಣ ಅವನ ಕೈಯಲ್ಲಿ, ಮೂರು ತಿಂಗಳ ಉದ್ದರಿ ಹಳ್ಳಿಯವನ ತಲೆಯ ಮೇಲೆ. ಆ ಪತ್ರ ಕೊಟ್ಟರೆ ತನ್ನ ಪಾಲಿನ ಸಾಲ ಕಡಿಮೆಯಾಗುತ್ತದೆ, ಗಿರಾಕಿ ಯಾರು, ದರ ಎಷ್ಟು ಎಂಬ ಗುಟ್ಟೂ ಹೊರಬೀಳಬಹುದು. ಹಾಗಾಗಿ ಕೇಳದವನಿಗೆ ಅವನು ತಾನಾಗಿ ಕೊಡುವುದಿಲ್ಲ. ಅರಿವಿನ ಕೊರತೆಯೆಂದು ಹೇಳಿ ಎಲ್ಲ ದೋಷವನ್ನೂ ಸಣ್ಣವನ ಮೇಲೆ ಹೊರಿಸುವುದು ಸುಲಭ. ಆದರೆ ಅವನ ಅರಿವಿಲ್ಲದಿರುವಿಕೆಯಿಂದ ಲಾಭವಾಗುವವರೂ ಇದ್ದಾರೆಂಬುದನ್ನು ಮರೆಯಬಾರದು.

ಮೂರನೆಯ ಕಾರಣ ಬ್ಯಾಂಕಿನ ಶಾಖೆ. ಪರದೇಶೀ ವಿನಿಮಯದ ವ್ಯವಹಾರ ಎಲ್ಲ ಶಾಖೆಗಳಲ್ಲಿಯೂ ನಡೆಯುವುದಿಲ್ಲ, ಅದಕ್ಕೆ ಅಧಿಕಾರ ಪಡೆದ ಶಾಖೆಗಳೇ ಬೇರೆ. ಸಣ್ಣ ಪೇಟೆಯ ಮ್ಯಾನೇಜರು ಬೆಳೆಸಾಲ, ಚಿನ್ನದ ಸಾಲ, ಸ್ವಸಹಾಯ ಸಂಘಗಳ ಸಾಲಗಳಲ್ಲಿ ಮುಳುಗಿರುತ್ತಾರೆ. ರಫ್ತಿನ ಕಡತವೊಂದನ್ನು ಕಣ್ಣಾರೆ ಕಾಣುವ ಮೊದಲೇ ವರ್ಗವಾಗಿ ಹೋಗುತ್ತಾರೆ. ನಾವು ಹೋಗಿದ್ದ ಒಂದು ಶಾಖೆಯಲ್ಲಿ ಈ ವಿಷಯ ಎತ್ತಿದಾಗ, ಅದೆಲ್ಲ ಬೆಂಗಳೂರಿನಲ್ಲಿ ಕೇಳಿ ಎಂದರು. ಒರಟಾಗಿ ಹೇಳಿದ್ದಲ್ಲ, ಕುಡಿಯಲು ನೀರು ಕೊಟ್ಟು, ಕುರ್ಚಿ ಕೊಟ್ಟು ಹೇಳಿದ್ದು. ಅರಿವಿನ ಕೊರತೆ ಕೌಂಟರಿನ ಎರಡೂ ಬದಿಗಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇಲ್ಲಿ ಕರಾವಳಿಯವರಾದ ನಮಗೆ ಒಂದು ಮಾತು ನೆನಪಾಗುತ್ತದೆ. ಅನಂತಪುರ ಜಿಲ್ಲೆಯ ಲೀಡ್ ಬ್ಯಾಂಕಾಗಿದ್ದುದು ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ ಬ್ಯಾಂಕದು. ಜನರು ಬ್ಯಾಂಕಿಗೆ ಬರುವುದಿಲ್ಲವೆಂದು ಗೊಣಗದೆ ಬ್ಯಾಂಕನ್ನೇ ಜನರ ಜಗಲಿಗೆ ಒಯ್ದವರು. 2020ರ ಏಪ್ರಿಲ್ 1ರಂದು ಅದು ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳ್ಳಿಗಳಲ್ಲಿದ್ದ ಶ್ರೀ ಅನಂತ ಗ್ರಾಮೀಣ ಬ್ಯಾಂಕಿನ ಬೋರ್ಡು 2006ರಲ್ಲಿ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕ್ ಎಂದೂ, 2025ರ ಮೇ 1ರಿಂದ ಆಂಧ್ರ ಪ್ರದೇಶ್ ಗ್ರಾಮೀಣ ಬ್ಯಾಂಕ್ ಎಂದೂ ಬದಲಾಯಿತು. ಬೋರ್ಡು ಬದಲಾದಷ್ಟು ಬೇಗ ಒಳಗಿನ ತಿಳಿವಳಿಕೆ ಬದಲಾಗಲಿಲ್ಲವೆಂದು ಹೇಳದೆ ಗತ್ಯಂತರವಿಲ್ಲ.

ಕಲ್ಯಾಣದುರ್ಗದ ನೆಲಗಡಲೆ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋದರೆ ನೋಟವೇ ಬದಲಾಗುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಜಿಲ್ಲೆ ಅದು. ನಮ್ಮಲ್ಲಿ ಒಳ್ಳೆಯ ಆಷಾಢದಲ್ಲಿ ಎರಡೇ ವಾರಗಳಲ್ಲಿ ಅಷ್ಟು ಮಳೆ ಸುರಿಯುವುದುಂಟು. ಆ ಕೆಂಪು ನೆಲದಲ್ಲಿ ತಲೆಮಾರುಗಳಿಂದ ಜನ ನಂಬಿ ಬಂದಿರುವುದು ನೆಲಗಡಲೆಯನ್ನು. ಅದನ್ನು ಅವರು ಕಡಲೆಕಾಯಿ ಎನ್ನುತ್ತಾರೆ.

ರಫ್ತಿನ ನೆಲಗಡಲೆಯೆಂದರೆ ಸಿಪ್ಪೆ ಸುಲಿದು, ಜರಡಿ ಹಿಡಿದು, ಕೈಯಿಂದ ಆರಿಸಿದ್ದು. ಒಂದು ಔನ್ಸಿಗೆ ಎಷ್ಟು ಕಾಳು ತೂಗುತ್ತವೆ ಎಂಬುದರ ಮೇಲೆ ದರ್ಜೆ. 50ರಿಂದ 60 ಕಾಳು, 60ರಿಂದ 70 ಕಾಳು, ಹೀಗೆ. ಬೋಲ್ಡ್ ಎಂದೂ ಜಾವಾ ಎಂದೂ ಜಾತಿಗಳಿವೆ. ಒಡೆದದ್ದು, ಸುಕ್ಕಿದ್ದು, ಬಣ್ಣಗೆಟ್ಟದ್ದು ಎಣ್ಣೆಗಾಣಕ್ಕೆ. ಈ ಆರಿಸುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಇಷ್ಟಾದರೂ ಅಪಾಯ ತಪ್ಪಿದ್ದಲ್ಲ. ಕಾಳು ಬಲಿಯುವಾಗ ಬರ ಬಿದ್ದರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ, ಒಂದು ಬಗೆಯ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕಣ್ಣಿಗೆ ಕಾಣದು, ಪ್ರಯೋಗಶಾಲೆಯಲ್ಲಿ ಮಾತ್ರ ಕಾಣುತ್ತದೆ. ಮಿತಿಗಿಂತ ಹೆಚ್ಚಾದರೆ ಐರೋಪ್ಯ ಬಂದರುಗಳಲ್ಲಿ ಮಾಲನ್ನು ಇಳಿಸಿಕೊಳ್ಳುವುದಿಲ್ಲ.

ಇಲ್ಲಿಯೇ ರಫ್ತು ಸಾಲದ ವಿಮೆಯ ಪ್ರಶ್ನೆ ಬರುತ್ತದೆ. ಗಿರಾಕಿ ದಿವಾಳಿಯೆದ್ದರೆ, ಹಣ ಕೊಡದಿದ್ದರೆ, ಆ ದೇಶದಲ್ಲಿ ಯುದ್ಧವೋ ಹಣ ಹೊರಹೋಗದಂತೆ ನಿರ್ಬಂಧವೋ ಬಂದರೆ ರಫ್ತುಗಾರನ ನಷ್ಟ ತುಂಬಿಕೊಡಲು 1957ರಲ್ಲಿ ಭಾರತ ಸರಕಾರ ಒಂದು ನಿಗಮ ಸ್ಥಾಪಿಸಿತು. ಇಂದು ಅದರ ಹೆಸರು ಇ.ಸಿ.ಜಿ.ಸಿ. ಅದು ರಫ್ತುಗಾರನಿಗೂ ವಿಮೆ ಕೊಡುತ್ತದೆ, ಸಾಲ ಕೊಟ್ಟ ಬ್ಯಾಂಕಿಗೂ ರಕ್ಷಣೆ ಕೊಡುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು. ಬ್ಯಾಂಕು ತನ್ನ ರಕ್ಷಣೆಗೆ ಮಾಡಿಸಿಕೊಂಡದ್ದರಿಂದ ವ್ಯಾಪಾರಿಯ ಪಾಲಿನ ನಷ್ಟ ತುಂಬಿ ಬರುವುದಿಲ್ಲ, ಅವನು ತನ್ನ ಪಾಲಿಸಿಯನ್ನು ತಾನೇ ತೆಗೆದುಕೊಳ್ಳಬೇಕು. ತೆಗೆದುಕೊಂಡರೂ ಮಾಲಿನ ಗುಣಮಟ್ಟ ಸರಿಯಿಲ್ಲವೆಂದು ಗಿರಾಕಿ ತಕರಾರು ತೆಗೆದರೆ, ನ್ಯಾಯಾಲಯದ ತೀರ್ಪು ತನ್ನ ಪರವಾಗಿ ಬಾರದ ಹೊರತು ಪರಿಹಾರ ದೊರೆಯದು. ಅಫ್ಲಾಟಾಕ್ಸಿನ್ ಪರೀಕ್ಷೆಯ ಖರ್ಚನ್ನು ಉಳಿಸಲು ನೋಡುವವರು ಇದನ್ನು ಗಮನಿಸಬೇಕು.

ಕಲ್ಯಾಣದುರ್ಗದ ಗಿರಣಿಯೊಂದರಲ್ಲಿ ಕುಳಿತು ಈ ಮಾತನ್ನೆಲ್ಲ ಆಡುತ್ತಿದ್ದಾಗ ಅಲ್ಲಿದ್ದ ಹಿರಿಯರೊಬ್ಬರು ತಾಡಪತ್ರಿಯ ರೈಲಿನ ಕಥೆ ಎತ್ತಿದರು. 2020ರ ಜನವರಿ ಕೊನೆಯಲ್ಲಿ ಅನಂತಪುರ ಜಿಲ್ಲೆಯ ತಾಡಪತ್ರಿಯಿಂದ 43 ಶೀತಲ ಕಂಟೇನರುಗಳಲ್ಲಿ 980 ಟನ್ ಬಾಳೆಹಣ್ಣು ಮುಂಬಯಿಯ ಬಂದರಿಗೆ ವಿಶೇಷ ರೈಲಿನಲ್ಲಿ ಹೋಯಿತು, ಅಲ್ಲಿಂದ ಇರಾನಿಗೆ. ಬರಗಾಲದ ಜಿಲ್ಲೆಯೆಂದು ಹೆಸರಾದ ಕಡೆಯಿಂದ ಹಣ್ಣಿನ ರೈಲು ಹೊರಟದ್ದು ಅಲ್ಲಿನವರಿಗೆ ಹೆಮ್ಮೆಯ ಸಂಗತಿ, ಇರಬೇಕಾದದ್ದೇ. ಹಣ್ಣು ಬೆಳೆದವರೊಬ್ಬರು, ಕಂಟೇನರು ಕಳುಹಿಸಿದ ಕಂಪೆನಿ ಇನ್ನೊಂದು. ರಫ್ತಿನ ಸಾಲದ ಅರ್ಹತೆ ಕಾಗದದ ಪ್ರಕಾರ ಕಂಪೆನಿಯದೇ. ನಮ್ಮ ನೆಲಗಡಲೆಗೂ ಹಾಗೆಯೇ ಅಲ್ಲವೇ ಎಂದು ಆ ಹಿರಿಯರು ಕೇಳಿದರು. ಆಗ ಆ ಪತ್ರದ ವಿಷಯವನ್ನು ಅವರಿಗೆ ಮತ್ತೊಮ್ಮೆ ವಿವರಿಸಿದೆವು. ಅವರು ನಮ್ಮ ಮಿತ್ರರಿಂದ ಅದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡರು, ತೆಲುಗಿನಲ್ಲಿ ಅಲ್ಲ, ಕನ್ನಡದಲ್ಲಿ.

ತಾವೇ ನೇರವಾಗಿ ಕಳುಹಿಸಬಯಸುವವರಿಗೆ

ಬೇರೆಯವರ ಹೆಸರಿನ ನೆರಳಿನಿಂದ ಹೊರಬರಬೇಕೆಂಬವರಿಗೂ ದಾರಿಯಿದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು ರಫ್ತು ಸಂಕೇತ ಸಂಖ್ಯೆ ಪಡೆಯಬೇಕು. ಶುಲ್ಕ 500 ರೂ. ಮಾತ್ರ, ಈಗ ಪ್ಯಾನ್ ಸಂಖ್ಯೆಯೇ ಆ ಸಂಖ್ಯೆಯೂ ಆಗುತ್ತದೆ. ಮಧ್ಯವರ್ತಿಗಳು ಇದಕ್ಕೆ ಹಲವು ಸಾವಿರ ಕೇಳುವುದುಂಟೆಂದು ಅಲ್ಲಿ ಕೇಳಿದೆವು. ಹುಣಸೆಯು ಸಾಂಬಾರ ಪದಾರ್ಥಗಳ ಪಟ್ಟಿಯಲ್ಲಿರುವುದರಿಂದ ಸ್ಪೈಸಸ್ ಬೋರ್ಡಿನ ನೋಂದಣಿ ಬೇಕು, ನೆಲಗಡಲೆಗೆ ಅಪೇಡಾದ್ದು. ಸಣ್ಣ ಉದ್ದಿಮೆಯೆಂದು ಗುರುತಿಸಿಕೊಳ್ಳಲು ಉದ್ಯಮ್ ನೋಂದಣಿ ಉಚಿತ.

ಅಡವಿಗೆ ಏನೂ ಇಲ್ಲದವರು ಸಿ.ಜಿ.ಟಿ.ಎಂ.ಎಸ್.ಇ. ಎಂಬ ಖಾತರಿ ನಿಧಿಯ ಹೆಸರನ್ನು ನೆನಪಿಡಬೇಕು. 2000ದಲ್ಲಿ ಆರಂಭವಾದ ಇದು ಕಿರು ಮತ್ತು ಸಣ್ಣ ಉದ್ದಿಮೆಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ ರೂಪಾಯಿಗೆ ಏರಿದೆ. ಬಡ್ಡಿ ರಿಯಾಯಿತಿಯ ವಿಷಯದಲ್ಲಿ ಮಾತ್ರ ಹಳೆಯ ಪುಸ್ತಿಕೆಗಳನ್ನು ನಂಬಬಾರದು. 2015ರಿಂದ ನಡೆದುಬಂದ ಬಡ್ಡಿ ಸಮೀಕರಣ ಯೋಜನೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟವು 25,060 ಕೋಟಿ ರೂ.ಗಳ ರಫ್ತು ಪ್ರೋತ್ಸಾಹ ಮಿಷನ್‌ಗೆ ಒಪ್ಪಿಗೆಯಿತ್ತಿದ್ದು, ಸಣ್ಣವರ ಸಾಲದ ಬಡ್ಡಿಯ ವಿಷಯವೂ ಅದರೊಳಗೆ ಸೇರಿದೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆಯೆಂದು ಶಾಖೆಯಲ್ಲಿ ಬರವಣಿಗೆಯಲ್ಲೇ ಕೇಳುವುದು ಲೇಸು.

ನೂರು ಇನ್ನೂರು ತುಂಡುಗಳನ್ನು ಮಾತ್ರ ಕಳುಹಿಸುವ ನಿಮ್ಮಲಕುಂಟದಂಥ ಊರಿನವರಿಗೆ ಕಂಟೇನರಿನ ಮಾತೇ ಬೇಡ. ಅಂಚೆ ಇಲಾಖೆ 2022ರಿಂದ ತೆರೆದಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಸುಂಕದ ಕಾಗದಪತ್ರಗಳನ್ನು ಅಂಚೆ ಕಚೇರಿಯಲ್ಲೇ ಮುಗಿಸಬಹುದು.

ನಮ್ಮ ಮನೆಯ ಕಡೆ

ಇದನ್ನೆಲ್ಲ ಕಾಸರಗೋಡಿನ ಪತ್ರಿಕೆಯಲ್ಲಿ ಏಕೆ ಬರೆಯಬೇಕೆಂದು ವಾಚಕರು ಕೇಳಬಹುದು. ಕುಂಬಳೆಯಿಂದಲೋ ಉಪ್ಪಳದಿಂದಲೋ ಕೊಲ್ಲಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಹಪ್ಪಳ, ಸಂಡಿಗೆ, ಹಲಸಿನ ಚಿಪ್ಸು, ಉಪ್ಪಿನಕಾಯಿ ಇಲ್ಲದ್ದು ಎಷ್ಟು? ಅದೂ ಪರದೇಶಕ್ಕೆ ಹೋಗುವ ಮಾಲೇ, ಆದರೆ ಯಾವ ಲೆಕ್ಕದಲ್ಲೂ ಬಾರದ್ದು. ನಮ್ಮ ಗೇರುಬೀಜ, ಕಾಸರಗೋಡು ಸೀರೆ, ತೆಂಗಿನ ಚಿಪ್ಪಿನ ಕೆಲಸ ಇವುಗಳಲ್ಲೂ ಮಾಡುವವರೊಬ್ಬರು, ಕಳುಹಿಸುವ ಹೆಸರು ಇನ್ನೊಂದು ಎಂಬ ಸ್ಥಿತಿ ಹೊಸದಲ್ಲ. ಅಡಿಕೆ ಬೆಳೆಗಾರರು ಮಾತ್ರ 1973ರಲ್ಲಿ ಎರಡೂ ರಾಜ್ಯದವರು ಸೇರಿ ಕ್ಯಾಂಪ್ಕೋ ಕಟ್ಟಿಕೊಂಡು ತಮ್ಮ ಹೆಸರನ್ನು ತಾವೇ ಉಳಿಸಿಕೊಂಡರು.

ಭಾಷೆಯ ತೊಡಕೂ ಒಂದೇ. ಸಾಮಾನ್ಯ ಗಿರಾಕಿಗಳಿಗೆ ಬೇಕಾದ ನಮೂನೆಗಳು ಹಿಂದಿ, ಇಂಗ್ಲಿಷು ಹಾಗೂ ಪ್ರಾದೇಶಿಕ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಪ್ರಾದೇಶಿಕ ಭಾಷೆಯೆಂದರೆ ಅಲ್ಲಿ ತೆಲುಗು, ಇಲ್ಲಿ ಮಲಯಾಳ. ಮಡಕಶಿರದ ಕನ್ನಡಿಗನೂ ಮಂಜೇಶ್ವರದ ಕನ್ನಡಿಗನೂ ಮೂರರ ಹೊರಗೆ. ರಫ್ತಿನ ಕಾಗದಪತ್ರಗಳಂತೂ ಇಂಗ್ಲಿಷಿನಲ್ಲಿಯೇ ಇರುತ್ತವೆ, ಇಂಗ್ಲಿಷು ಬಲ್ಲವರಿಗೂ ಅದು ಬೇರೆಯೇ ಒಂದು ಭಾಷೆ. ಆದ್ದರಿಂದ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಎಂಟು ಹತ್ತು ಪುಟದ ಒಂದು ಕೈಪಿಡಿಯನ್ನಾದರೂ ಸಿದ್ಧಪಡಿಸಿ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಬಹುದೆಂದು ನಮ್ಮ ಮಿತ್ರರು ಹೇಳಿದರು. ಅವರ ಶಾಲೆಯಲ್ಲಿ ಅವರು ಆರಂಭಿಸಿದ್ದಾರೆ, ನಮ್ಮಲ್ಲಿ ಕರಡು ನಡೆದಿದೆ.

ಅರ್ಜಿ ಕೊಟ್ಟವರು ಒಂದೆರಡು ಸಂಗತಿ ತಿಳಿದಿರಬೇಕು. ಹೊಸ ರಫ್ತು ಸಾಲದ ಮಿತಿಯ ಅರ್ಜಿಯನ್ನು 45 ದಿನಗಳೊಳಗೆ ತೀರ್ಮಾನಿಸಬೇಕೆಂದು ರಿಸರ್ವ್ ಬ್ಯಾಂಕು ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಅರ್ಜಿಗೆ ದಿನಾಂಕ ಹಾಕಿದ ರಸೀದಿ ಪಡೆಯದೆ ಶಾಖೆಯಿಂದ ಹೊರಬರಬಾರದು. ಶಾಖೆಯಲ್ಲಿ ಉತ್ತರ ಸಿಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕಿನ ಮ್ಯಾನೇಜರರನ್ನು ಕಾಣಬಹುದು. ಬ್ಯಾಂಕಿಗೆ ಬರೆದು 30 ದಿನಗಳಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಸಾಲ ಕೊಡುವುದೋ ಬಿಡುವುದೋ ಎಂಬ ಬ್ಯಾಂಕಿನ ವ್ಯಾಪಾರೀ ತೀರ್ಮಾನವನ್ನು ಅವರು ಬದಲಿಸುವುದಿಲ್ಲ, ವಿಳಂಬ ಮತ್ತು ಸೇವಾಲೋಪಗಳನ್ನು ವಿಚಾರಿಸುತ್ತಾರೆ. ದೂರು ಕೊಡುವ ಬಗೆ ಕೇಳಲು 14448 ಎಂಬ ದೂರವಾಣಿ ಸಂಖ್ಯೆಯಿದೆ. ಅಲ್ಲಿ ಹಿಂದಿ, ಇಂಗ್ಲಿಷುಗಳಲ್ಲದೆ ಹತ್ತು ಪ್ರಾದೇಶಿಕ ಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಕರೆ ಯಾವ ರಾಜ್ಯದಿಂದ ಬಂದರೂ ಕನ್ನಡದಲ್ಲೇ ಮಾತಾಡಬಹುದು.